ಇಂಜಿನ್ ಇಲ್ಲದ ಯಂತ್ರ

ಪೆಟ್ರೋಲು ಬೆರೆತ ಹಸಿ ಹುಲ್ಲಿನ ವಾಸನೆ ಲೊರೇನಳಿಗೆ ಬಾಲ್ಯದ ಶನಿವಾರಗಳ ವಾಸನೆ. ಆದರೆ ಆ ಬೆಳಿಗ್ಗೆ ಬೇಲಿಯಾಚೆಯಿಂದ ಅದೇ ವಾಸನೆ ಬಂದಾಗ ಅವಳು ಬೇಲಿಯತ್ತ ಓಡಿದಳು. ಪಕ್ಕದ ಮನೆಯ ಕ್ಲೈಡ್ ಹುಲ್ಲು ಕತ್ತರಿಸುವ ಯಂತ್ರಕ್ಕೆ ಪೆಟ್ರೋಲು ತುಂಬಿ, ಅದರ ಹಗ್ಗ ಎಳೆಯಲು ಬಗ್ಗಿದ್ದ. ಒಳಗೆ ಅವನ ಹೆಂಡತಿ ಮ್ಯಾಕ್ಸೀನ್ ಮೂರು ದಿನದಿಂದ ಉಬ್ಬಸ ಬಂದು ಮಲಗಿದ್ದಳು.

“ಕ್ಲೈಡ್, ಎಳೀಬೇಡ! ಇವತ್ತು ಗಾಳಿ ಕೆಟ್ಟಿದೆ, ಇಂಜಿನ್ ಹಚ್ಚಬೇಡಿ ಅಂತ ರೇಡಿಯೋದಲ್ಲಿ ಬಡ್ಕೊಂಡಿದ್ದು ಕೇಳಿಸ್ಲಿಲ್ವಾ?”

“ಇಡೀ ಬೀದೀಲಿ ನನ್ನ ಹುಲ್ಲೇ ಉದ್ದ ಕಣೇ. ನಲವತ್ತು ವರ್ಷದಲ್ಲಿ ಒಂದು ಶನಿವಾರ ತಪ್ಪಿಸಿಲ್ಲ. ಹುಲ್ಲು ಆಮ್ಲಜನಕ ಕೊಡುತ್ತೆ ಅಂತ ಶಾಲೇಲಿ ಪಾಠ ಹೇಳ್ತಿದ್ದೋಳು ನೀನೇ ತಾನೇ?”

“ಅದು ಕೊಡೋ ಗಾಳಿಗೆ ನೀನು ಹೊಗೆ ತುಂಬ್ತೀಯಲ್ಲ, ಪುಣ್ಯಾತ್ಮ!”

ಲೊರೇನ್ ತನ್ನ ಹಳೆಯ ಯಂತ್ರವನ್ನು ತಳ್ಳಿಕೊಂಡು ಬಂದಳು. ಅದಕ್ಕೆ ಇಂಜಿನ್ನಿಲ್ಲ, ತಳ್ಳಿದರೆ ಅಲಗುಗಳು ತಿರುಗುತ್ತವೆ, ಅಷ್ಟೆ. ಬೀದಿಯವರು ಅದನ್ನು ನೋಡಿ ಇಪ್ಪತ್ತು ವರ್ಷ ನಕ್ಕಿದ್ದರು, ಕ್ಲೈಡ್ ಎಲ್ಲರಿಗಿಂತ ಜೋರಾಗಿ. ಅವಳು ಅವನ ಅಂಗಳದಲ್ಲಿ ಒಂದು ಸಾಲು ಕತ್ತರಿಸಿದಳು. ಕ್ಲೈಡ್ ಮುಚ್ಚಿದ ಕಿಟಕಿಯತ್ತ ನೋಡಿದ. ಹಗ್ಗ ಬಿಟ್ಟು ಬಂದು, ಅವಳ ಕೈಯಿಂದ ಹಿಡಿಯನ್ನು ತೆಗೆದುಕೊಂಡ.

“ಏನೋ ಕ್ಲೈಡ್, ಪೆಟ್ರೋಲಿಗೂ ಗತಿಯಿಲ್ವೇನೋ?” ಎದುರುಮನೆಯವನು ಕೂಗಿದ.

“ನನ್ನ ಹೆಂಡತಿ ಉಸಿರಾಡ್ಬೇಕು ಕಣೋ!” ಬೆವರೊರೆಸಿಕೊಳ್ಳುತ್ತ, ಎದೆಯುಬ್ಬಿಸಿ ಕ್ಲೈಡ್ ಹೇಳಿದ. ಅದನ್ನು ಕೇಳಿ ಲೊರೇನಳ ಬೆನ್ನು ತಾನಾಗಿಯೇ ನೆಟ್ಟಗಾಯಿತು. ಕೊನೆಯ ಸಾಲು ಮುಗಿದ ಮೇಲೆ ಅವನು ಒಳಗೆ ಹೋದ. ಮ್ಯಾಕ್ಸೀನ್‌ಗೆಂದು ಮಾಡಿದ್ದ ಕೋಳಿ ಸೂಪಿನಲ್ಲಿ ಒಂದು ಬಟ್ಟಲು ತುಂಬಿ ತಂದು, ಮೇಲೆ ಎರಡು ತುಂಡು ಬ್ರೆಡ್ಡಿಟ್ಟು, ಲೊರೇನಳ ಕೈಗಿಟ್ಟ.