ಅಕ್ಕನ ತಾರೀಖು

ಓಟಗಾರ್ತಿಯರ ಆ ಹಾಸ್ಟೆಲ್ಲಿನಲ್ಲಿ ಒಂದು ನೋಟ್‌ಬುಕ್ ಇತ್ತು. ಹುಡುಗಿಯರು ಪ್ರತಿ ತಿಂಗಳೂ ತಾವು ಮುಟ್ಟಾದ ತಾರೀಖನ್ನು ಅದರಲ್ಲಿ ಬರೆಯಬೇಕು. ಎರಡು ತಿಂಗಳು ಖಾಲಿ ಬಿಟ್ಟವಳನ್ನು ವಾರ್ಡನ್ ಡಾಕ್ಟರ ಬಳಿ ಕರೆದೊಯ್ಯುತ್ತಿದ್ದರು. ಡಾಕ್ಟರು “ಓಟ ನಿಲ್ಲಿಸಿ, ಮೈ ತುಂಬಿಕೊಂಡು ಬಾ” ಎಂದು ಮನೆಗೆ ಕಳಿಸುತ್ತಿದ್ದರು.

ಇಂಚರಳಿಗೆ ಮುಟ್ಟು ನಿಂತು ಏಳು ತಿಂಗಳಾಗಿತ್ತು. ಅನ್ನ ಬಿಟ್ಟು ಕೊಬ್ಬು ಕರಗಿಸಿದಷ್ಟೂ ಓಟ ಹಗುರಾಗಿತ್ತು; ಅದನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ. ಪಕ್ಕದ ಮಂಚದ ಅಕ್ಕ ಬರೆದ ತಾರೀಖು ನೋಡಿ, ಎರಡು ದಿನ ಸೇರಿಸಿ, ತನ್ನದೆಂದು ಬರೆಯುತ್ತ ಬಂದಳು.

ಮೊನ್ನೆ ಟ್ರ್ಯಾಕಿನಲ್ಲಿ ಓಡುತ್ತಿದ್ದಾಗ ಆ ಅಕ್ಕನ ಕಾಲಿನ ಮೂಳೆ ಬಿರುಕು ಬಿಟ್ಟಿತು. ಅವಳು ಎಡವಿರಲಿಲ್ಲ, ಬಿದ್ದಿರಲೂ ಇಲ್ಲ.

“ಮುದುಕಿಯರ ಮೂಳೆ ಥರ ಇದೆ. ಮುಟ್ಟು ನಿಂತರೆ ಹೀಗಾಗುತ್ತೆ. ನಿಂಗೆ ಸರಿಯಾಗಿ ಆಗ್ತಿದೆಯಾ?” ಎಂದರು ಡಾಕ್ಟರು, ಆಸ್ಪತ್ರೆಯಲ್ಲಿ ಎಕ್ಸ್‌ರೇ ನೋಡುತ್ತ.

“ಒಂದು ತಿಂಗಳೂ ತಪ್ಪಿಲ್ಲ ಡಾಕ್ಟ್ರೇ,” ಎಂದು ವಾರ್ಡನ್ ನೋಟ್‌ಬುಕ್ ತೆರೆದು ತೋರಿಸಿದರು.

ಅಕ್ಕನ ಹೆಗಲು ಹಿಡಿದು ನಿಂತಿದ್ದ ಇಂಚರ ತನ್ನ ಕಾಲು ನೋಡಿಕೊಂಡಳು. ತಪ್ಪದೆ ಆಗುವವಳ ಮೂಳೆಯೇ ಹೀಗಾದರೆ ತನ್ನದು ಹೇಗಿರಬಹುದು? ಅಂದು ಆಸ್ಪತ್ರೆಯ ಮೆಟ್ಟಿಲನ್ನು ಅವಳು ಗೋಡೆ ಹಿಡಿದು ಇಳಿದಳು.

ಊರಿಗೆ ಹೊರಟ ಅಕ್ಕನ ಬ್ಯಾಗು ತುಂಬುವಾಗ ತಡೆಯಲಾರದೆ ಹೇಳಿಬಿಟ್ಟಳು: “ಅಕ್ಕಾ, ನಂಗೆ ಏಳು ತಿಂಗಳಿಂದ ಆಗಿಲ್ಲ. ನೀನು ಬರೆದ ತಾರೀಖಿಗೆ ಎರಡು ದಿನ ಸೇರಿಸಿ ಬರೀತಿದ್ದೆ.”

ಅಕ್ಕ ಪ್ಲಾಸ್ಟರ್ ಹಾಕಿದ ಕಾಲನ್ನು ಮಂಚದ ಮೇಲೆ ಎತ್ತಿಟ್ಟುಕೊಂಡಳು.

“ನೀನು ಬರೆದ ತಾರೀಖಿಗೆ ಇಪ್ಪತ್ತಾರು ದಿನ ಸೇರಿಸಿ, ಮುಂದಿನ ತಿಂಗಳದ್ದು ನಾನು ಬರೀತಿದ್ದೆ ಕಣೇ.”