ಒಪ್ಪಿಗೆಯ ಬಟನ್

ಪರದೆಯ ಮೇಲೆ ಎರಡೇ ಬಟನ್‌ಗಳಿದ್ದವು: ‘ಹೊಸ ಷರತ್ತು ಒಪ್ಪುತ್ತೇನೆ’, ‘ಖಾತೆ ಅಳಿಸಿ’. ಟೈಲರಮ್ಮ ಎರಡನೆಯದರ ಮೇಲೆ ಹೆಬ್ಬೆರಳು ತಂದು ನಿಲ್ಲಿಸಿದಳು. ಹನ್ನೊಂದು ವರ್ಷದ ಗಿರಾಕಿಗಳ ಅಳತೆ, ರವಿಕೆ ತೋಳಿನ ಫೋಟೊ, ತಕರಾರು, ಎಲ್ಲವೂ ಆ ಮೆಸೇಜ್ ಆ್ಯಪ್‌ನ ಹೊಟ್ಟೆಯಲ್ಲಿದ್ದವು.

“ಊರಿಗೊಂದು ದಾರಿಯಾದ್ರೆ ನಿನಗೊಂದು ದಾರಿ,” ಎಂದ, ಪಕ್ಕದಲ್ಲಿ ಇಸ್ತ್ರಿ ಮಾಡುತ್ತಿದ್ದ ಗಂಡ.

“ಗಿರಾಕಿಗಳ ವಿವರ ಕಂಪನಿಯೋರು ನೋಡೋ ಷರತ್ತು ನಾನ್ಯಾಕೆ ಒಪ್ಪಲಿ? ಬೇರೆ ಆ್ಯಪ್‌ಗೆ ಬನ್ನಿ ಅಂತ ಎಲ್ಲರಿಗೂ ಹೇಳಿದ್ದೀನಲ್ಲ. ಆಯ್ತಕ್ಕಾ ಅಂದಿದಾರೆ.”

“ಎಲ್ಲಿ ಅಂದಿದಾರೆ?”

ಅಂದಿದ್ದೆಲ್ಲ ಹಳೆಯದರಲ್ಲೇ. ಹೊಸದಕ್ಕೆ ಬಂದವಳು ತಂಗಿಯೊಬ್ಬಳೇ.

ಅಷ್ಟರಲ್ಲಿ ಹೊಸ ಆ್ಯಪ್ ಸದ್ದು ಮಾಡಿತು. ತಂಗಿಯ ಮೆಸೇಜು: “ಅಕ್ಕಾ, ಒಂದು ತಿಂಗಳಿಂದ ಇಲ್ಲಿ ನಾವಿಬ್ಬರೇ ಮುಖ ಮುಖ ನೋಡ್ಕೊಂಡು ಕೂತಿದೀವಿ. ಅಮ್ಮ, ಮಕ್ಕಳ ಸ್ಕೂಲು ಎಲ್ಲ ಅಲ್ಲೇ. ಇದನ್ನ ತೆಗೀತಿದೀನಿ. ಬೇಜಾರು ಮಾಡ್ಕೋಬೇಡ, ಅಲ್ಲೇ ಸಿಗು.”

ಅವಳು ಬೆರಳನ್ನು ಮೊದಲ ಬಟನ್‌ಗೆ ಸರಿಸಿ ಒತ್ತಿದಳು. ಸೂಜಿ ಚುಚ್ಚಿ ಚುಚ್ಚಿ ಜಡ್ಡುಗಟ್ಟಿದ ಬೆರಳು ಫೋನಿಗೆ ಗೊತ್ತಾಗಲಿಲ್ಲ. ಸೂಜಿಗೆ ಪೋಣಿಸುವ ದಾರವನ್ನು ಒದ್ದೆ ಮಾಡಿಕೊಳ್ಳುವಂತೆ ಬೆರಳನ್ನು ತುಟಿಗೆ ತಾಗಿಸಿ, ಒರೆಸಿ, ಇನ್ನೊಮ್ಮೆ ಒಪ್ಪಿದಳು.