ಸಾಹುಕಾರರ ಅಚ್ಚು

ಆಷಾಢದ ಗಾಳಿ ಎದ್ದಿದ್ದ ಒಂದು ಸೋಮವಾರ, ಬೆಳಗಿನ ಚಹಾ ಇನ್ನೂ ಲೋಟದಲ್ಲಿರುವಾಗಲೇ, ಮೊಳಕಾಲ್ಮೂರಿನ ಮಗ್ಗದ ಬೀದಿಯಲ್ಲಿ ಸೂರಪ್ಪನ ಬೈಕು ಬಂದು ನಿಂತಿತು. ಪ್ರೇಮಲತಾಳ ಕೈಯಲ್ಲಿ ತಿರುಗುತ್ತಿದ್ದ ರಾಟೆಯೂ ನಿಂತಿತು. ಮಗ್ಗದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ ಗಂಡ ಯತ್ತಪ್ಪ, ಲಾಳಿ ಹಿಡಿದವನು ಹಾಗೇ ಕೂತ. ಸೂರಪ್ಪ, ಬೀದಿಗೆಲ್ಲ ರೇಷ್ಮೆ ಕೊಟ್ಟು ಕೂಲಿಗೆ ನೇಯಿಸುವ ಸಾಹುಕಾರರ ಮನುಷ್ಯ. ಸುಮ್ಮನೆ ಯಾರ ಬಾಗಿಲಿಗೂ ಬರುವವನಲ್ಲ.

"ವದಿನಾ, ಒಂದ್ ಲೋಟ ನೀರ್ ಕೊಡ್ರಿ," ಎನ್ನುತ್ತಲೇ ಒಳಗೆ ಬಂದು ಗೋಡೆಗೆ ಒರಗಿದ. ಅತ್ತಿಗೆ ಎಂದು ತೆಲುಗಿನಲ್ಲೇ ಕರೆಯುವುದು ಅವನ ವಾಡಿಕೆ. ನೀರು ಕುಡಿದು, ಮಗ್ಗದ ಮೇಲಿನ ಸೀರೆ ನೋಡಿದ. "ಬಣ್ಣ ಬಾಳ ಚೆಂದೈತೆ. ನಮ್ಮ ಸಾವ್ಕಾರ್ರ ರೇಷ್ಮೆ ಅಲ್ಲ ಅನ್ಸುತ್ತೆ."

"ಸಂಘದ್ದು," ಎಂದಳು ಪ್ರೇಮಲತಾ.

"ಸಂತೋಷ. ರೇಷ್ಮೆ ಸಂಘದ್ದು, ಮಗ್ಗ ನಿಮ್ದು. ಅಚ್ಚು ಮಾತ್ರ ನಮ್ದು, ಅಲ್ವೇನಲೇ ಯತ್ತಪ್ಪ? ಬಿಚ್ಚಿ ಕೊಡು, ಹೋಗ್ತೀನಿ."

ಹಾಸಿನ ಎಳೆಗಳನ್ನು ಬಾಚಣಿಗೆಯ ಹಲ್ಲಿನಂತೆ ಬಿಡಿಬಿಡಿಯಾಗಿ ಹಿಡಿಯುವ ಆ ಅಚ್ಚು ಸಾಹುಕಾರರದ್ದೇ. ಬೀದಿಯ ಒಂದಷ್ಟು ಮನೆಯವರನ್ನು ಒಪ್ಪಿಸಿ ನೇಕಾರರದೇ ಸಂಘ ಕಟ್ಟಿದವನು ಯತ್ತಪ್ಪ. ಇಂಥ ಸಂಘಗಳ ಬೆನ್ನಿಗೆ ನಿಲ್ಲುವ ಚಳ್ಳಕೆರೆಯ ಒಕ್ಕೂಟದವರು ನಂಬಿ ರೇಷ್ಮೆ ಕೊಟ್ಟಿದ್ದರು. "ಮೊದ್ಲು ಸ್ವಂತ ಅಚ್ಚು ಮಾಡ್ಕೊಳ್ರಣ್ಣಾ," ಎಂದು ಒಕ್ಕೂಟದ ಮೌನಿಕಾ ಹೇಳಿಯೂ ಇದ್ದಳು. ಇವನು ಕೇಳಲಿಲ್ಲ. ಹೊಸ ಅಚ್ಚಿಗೆ ಎಳೆ ಪೋಣಿಸುತ್ತ ಯಾರು ಕೂರುತ್ತಾರೆಂದು, ಎಲ್ಲ ನೇಕಾರರೂ ಮಾಡುವಂತೆ, ಸಾಹುಕಾರರ ಹಳೇ ಹಾಸಿನ ತುದಿಗೇ ಸಂಘದ ಎಳೆಗಳನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಸೇರಿಸಿ, ಅದೇ ಅಚ್ಚಿನೊಳಗಿಂದ ಎಳೆದುಕೊಂಡಿದ್ದ. ಈಗ ಅಚ್ಚು ಬಿಚ್ಚಬೇಕೆಂದರೆ ಅರ್ಧ ನೇಯ್ದ ಸೀರೆ ಕುಯ್ಯಬೇಕು. ಅದು ಸಂಘದ ಮೊದಲ ಸೀರೆ.

"ಕೈ ಮುಗೀತೀನಿ, ಇದೊಂದು ಮುಗಿಯೋಗಂಟ ತಡಿಯಪ್ಪ," ಎಂದ ಯತ್ತಪ್ಪ.

"ನಾನು ತಡೀತೀನಿ. ಅವ್ರು ತಡೀಬೇಕಲ್ಲ? ಇಲ್ಲಾಂದ್ರೆ ಹಿಂಗ್ ಮಾಡು. ಬೀದೀಲಿ ನಿಂತು, ಸಂಘ ಬ್ಯಾಡ ಅಂತ ಒಂದ್ ಮಾತ್ ಹೇಳು. ಅಚ್ಚು ನಿನ್ನ ಹತ್ರಾನೇ ಇರ್ಲಿ."

ಪಕ್ಕದ ಮನೆಯ ಮಗ್ಗ ನಿಂತಿತು. ಎದುರಿನದೂ ನಿಂತಿತು. ಸ್ವಲ್ಪ ಹೊತ್ತಿಗೆ ಬೀದಿಯಲ್ಲಿ ಗಾಳಿಯ ಸದ್ದೊಂದೇ ಉಳಿಯಿತು. ಆ ಮನೆಗಳಲ್ಲಿ ಇರುವುದೂ ಸಾಹುಕಾರರ ಅಚ್ಚುಗಳೇ. ಯತ್ತಪ್ಪ ಗುಂಡಿಯಿಂದ ಎದ್ದು, ಯಾರ ಮುಖವನ್ನೂ ನೋಡದೆ, ಆ ಮಾತು ಹೇಳಲು ಬಾಗಿಲ ಕಡೆ ನಡೆದ.

ಅವನು ಹೊಸಿಲು ದಾಟುವ ಮುಂಚೆ ಪ್ರೇಮಲತಾ ಬ್ಲೇಡು ಎತ್ತಿಕೊಂಡಳು. ಮುಗಿದ ಸೀರೆಯನ್ನೂ ಕುಂಕುಮವಿಟ್ಟು ಕೈ ಮುಗಿದೇ ಕುಯ್ಯುವ ಮನೆ ಅದು. ಅರ್ಧಕ್ಕೆ ಕುಯ್ದರೆ ಮನೆಯಲ್ಲಿ ಮತ್ತೆ ಮಗ್ಗ ಆಡುವುದಿಲ್ಲ ಎಂದು ಅತ್ತೆ ಹೆದರಿಸುತ್ತಿದ್ದಳು. ಬ್ಲೇಡು ಜಾರಿ ಬೆರಳೂ ಕುಯ್ದಿತು. ಎಳೆಗಳು ಪಟಪಟನೆ ಕಡಿದು ಹಿಂದಕ್ಕೆ ಸುರುಟಿಕೊಂಡವು. ಉಳಿದ ಹಾಸನ್ನು ಹಿಡಿಹಿಡಿಯಾಗಿ ಗಂಟು ಹಾಕಿ, ಅಚ್ಚನ್ನು ಸೂರಪ್ಪನ ಮುಂದೆ ಇಟ್ಟಳು.

ಸೂರಪ್ಪನೂ ನೇಕಾರರ ಮನೆಯಲ್ಲಿ ಹುಟ್ಟಿದವನೇ. ಮುಖ ತಿರುಗಿಸಿಕೊಂಡಿದ್ದ. "ಹುಚ್ಚು ಹಿಡಿದೈತೇನೇ ನಿನಗೆ? ಸಾವ್ಕಾರ್ರು ಇದನ್ನ ಮರೆಯೋರಲ್ಲ," ಎಂದು ಅಚ್ಚು ಎತ್ತಿಕೊಂಡು ಹೋದ.

ಬುಧವಾರ ಮೌನಿಕಾ ಕೊಂಡ್ಲಹಳ್ಳಿ ಸಂಘದವರಿಂದ ಒಂದು ಅಚ್ಚು ಎರವಲು ತಂದಳು. ಎಳೆ ಪೋಣಿಸಲು ಎದುರುಮನೆಯ ಮೂಗಮ್ಮ ಬಂದು ಕೂತಳು.

"ನಮ್ಮನೆಗೂ ಬರ್ತಾನೆ ಕಣೇ ಆ ಸೂರಪ್ಪ."

"ಬಂದ್ರೆ?"

"ನನ್ ಕೈಲಿ ಕುಯ್ಯಾಕಾಗಲ್ಲವ್ವ. ನೀನೇ ಬಂದ್ಬಿಡು."

ಯತ್ತಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಶುಕ್ರವಾರ ಬೆಳಿಗ್ಗೆ ಎದ್ದವನು ಸಂಘ ಬಿಟ್ಟು ಸಾಹುಕಾರರ ಶೆಡ್ಡಿಗೆ ಕೂಲಿಗೆ ಹೊರಟ. ಬಿಟ್ಟು ಹೋದವನು ಅವನೊಬ್ಬನೇ. ಹೋಗುವಾಗ, ಸಾಹುಕಾರರ ಕಡೆಯವರು ಬಂದರೆ ಮನೆಯಲ್ಲಿ ಯಾರೂ ಇಲ್ಲ ಅಂದುಕೊಳ್ಳಲಿ ಎಂದು, ಹೊರಗಿನಿಂದ ಚಿಲಕ ಹಾಕಿದ. ಒಳಗೆ ಪ್ರೇಮಲತಾ ಗುಂಡಿಗೆ ಇಳಿದು ನೇಯುತ್ತಿದ್ದಳು. ಮಗ್ಗದ ಸದ್ದು ಬೀದಿಯ ತುದಿಯವರೆಗೂ ಕೇಳುತ್ತಿತ್ತು.